ಸಾಲ ಏತಕ್ಕೆಂದು ಕೇಳಿದ ಊರು

ಗದಗಿನ ಸುತ್ತಣ ಎರೆಭೂಮಿಯು ಜೋಳಕ್ಕೂ ಹತ್ತಿಗೂ ಎಷ್ಟು ಹೆಸರಾಗಿದ್ದಿತೋ, ಸಾಲಕ್ಕೂ ಒಂದು ಕಾಲದಲ್ಲಿ ಅಷ್ಟೇ ಹೆಸರಾಗಿದ್ದಿತು. ಮಳೆ ಹಿಡಿದರೆ ಕಾಲಿಗೆ ಮಣಗಟ್ಟಲೆ ಅಂಟುವ, ಮಳೆ ತಪ್ಪಿದರೆ ಅಂಗೈ ತೂರುವಷ್ಟು ಬಿರಿಯುವ ಆ ಕರಿಯ ನೆಲದಲ್ಲಿ ಒಕ್ಕಲಿಗನ ಆದಾಯವು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಮಾತ್ರ ಕೈಸೇರುತ್ತಿದ್ದು, ವ್ಯಯವಾದರೋ ಹನ್ನೆರಡು ತಿಂಗಳೂ ಬಾಗಿಲು ತಟ್ಟುತ್ತಿದ್ದುದರಿಂದ, ಸಾಲವೆಂಬುದು ಅಲ್ಲಿ ದುರ್ವ್ಯಸನವಾಗಿರದೆ ಋತುಧರ್ಮದ ಒಂದು ಅಂಗವೇ ಆಗಿದ್ದಿತು. ಇಂಥ ಸೀಮೆಯ ಕಣಗಿನಹಾಳವೆಂಬ ಹಳ್ಳಿಯಲ್ಲಿ, 1905ನೆಯ ಇಸವಿ ಮೇ ತಿಂಗಳ 8ನೆಯ ತಾರೀಖಿನಂದು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ಒಂದು ಕೃಷಿ ಪತ್ತಿನ ಸಹಕಾರ ಸಂಘವು ನೋಂದಣಿಯಾಯಿತು. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಅದನ್ನು ನಮ್ಮವರು ಹೊಗಳುವುದುಂಟು; ತಮಿಳುನಾಡಿನ ತಿರೂರಿನವರೂ ಬಡೋದೆಯವರೂ ಆ ಕೀರ್ತಿಗೆ ತಮ್ಮ ತಮ್ಮ ಹಕ್ಕನ್ನು ಮಂಡಿಸುವುದೂ ಉಂಟು. ಅಗ್ರಪೂಜೆಯ ಈ ವ್ಯಾಜ್ಯವನ್ನು ಇಲ್ಲಿ ತೀರ್ಮಾನಿಸಹೊರಡುವುದು ನನ್ನ ಉದ್ದೇಶವಲ್ಲ. ಆ ಸಂಘವೂ ಅದರ ಬೆನ್ನಿಗೆ ಹುಟ್ಟಿದ ನೂರಾರು ಸಂಘಗಳೂ ಸಾಲ ಕೊಡುವ ಮುನ್ನ ಕೇಳುತ್ತಿದ್ದ ಒಂದು ಪ್ರಶ್ನೆಯ ಚರಿತ್ರೆಯೇ ನನಗೆ ಹೆಚ್ಚು ಕುತೂಹಲಕರವಾಗಿ ತೋರಿದೆ. ಆ ಪ್ರಶ್ನೆಯು ಸರಳವಾದುದು: ಈ ಹಣ ಏತಕ್ಕೆ?

ಇಷ್ಟು ಸರಳವಾದ ಪ್ರಶ್ನೆಗೆ ಚರಿತ್ರೆಯಾದರೂ ಏನಿದ್ದೀತೆಂದು ಓದುಗರಿಗೆ ಅನ್ನಿಸಬಹುದು. ಆದರೆ ಸಾಲಗಾರನನ್ನು ನಮ್ಮ ದೇಶದಲ್ಲಿ ಯಾರು ಯಾವಾಗ ಹಾಗೆ ಕೇಳಿದರು, ಯಾರು ಕೇಳದೆಯೇ ಕೊಟ್ಟರು, ಕೇಳಿದ್ದರಿಂದ ಏನಾಯಿತು, ಕೇಳದಿದ್ದುದರಿಂದ ಏನಾಯಿತು ಎಂಬುದನ್ನು ಹಿಡಿದು ಹೊರಟರೆ, ಕಲ್ಯಾಣದ ಚಾಲುಕ್ಯರ ಧರ್ಮಪೀಠದಿಂದ ಹಿಡಿದು ನಮ್ಮ ಜೇಬಿನಲ್ಲಿರುವ ಕ್ರೆಡಿಟ್ ಕಾರ್ಡಿನವರೆಗೆ ಒಂದೇ ಎಳೆಯು ಅಖಂಡವಾಗಿ ಹರಿದು ಬಂದಿರುವುದು ಕಾಣುತ್ತದೆ.

ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಕೇಳಿದ್ದರು. ಆದರೆ ಅವರು ಕೇಳಿದ್ದು ಸಾಲಗಾರನು ಸತ್ತಮೇಲೆ. ಯಾಜ್ಞವಲ್ಕ್ಯಸ್ಮೃತಿಯ ಋಣಾದಾನ ಪ್ರಕರಣದಲ್ಲಿ, ಕುಟುಂಬದ ಪೋಷಣೆಗಾಗಿ ಮಾಡಿದ ಸಾಲವನ್ನು ಉತ್ತರಾಧಿಕಾರಿಗಳು ತೀರಿಸತಕ್ಕದ್ದೆಂದೂ, ಸುರೆಗಾಗಿ, ಕಾಮಕ್ಕಾಗಿ, ದ್ಯೂತಕ್ಕಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾದುದಿಲ್ಲವೆಂದೂ ವಿಧಿಸಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದುಕೊಂಡು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದೇ ಪ್ರಕರಣವನ್ನು ಸಾವಧಾನವಾಗಿ ಬಿಡಿಸಿ ವಿವರಿಸಿದ್ದಾನೆ. ಬಡ್ಡಿಯ ವಿಚಾರದಲ್ಲಿಯೂ ಸ್ಮೃತಿಯು ವಿವೇಚನೆಯಿಲ್ಲದೆ ಮಾತನಾಡಿಲ್ಲ: ಒತ್ತೆಯಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ, ಅಂದರೆ ವರ್ಷಕ್ಕೆ ನೂರಕ್ಕೆ ಹದಿನೈದು, ಒತ್ತೆಯಿಲ್ಲದ ಸಾಲಕ್ಕೆ, ಸಾಲಗಾರನ ವರ್ಣವನ್ನನುಸರಿಸಿ, ತಿಂಗಳಿಗೆ ನೂರಕ್ಕೆ ಎರಡರಿಂದ ಐದು, ಕಾಡು ಹಾಯ್ದು ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಸಮುದ್ರದ ಮೇಲೆ ಹೋಗುವವನಿಗೆ ಇಪ್ಪತ್ತು. ವರ್ಣಾನುಸಾರವಾದ ದರದ ಅನ್ಯಾಯವು ಇಂದಿನ ನಮಗೆ ಸಹಿಸತಕ್ಕದ್ದಲ್ಲವೆಂಬುದು ಬೇರೆ ಮಾತು. ಅಡವಿಗೂ ಕಡಲಿಗೂ ಬೇರೆ ಬೇರೆ ದರವನ್ನು ಗೊತ್ತುಮಾಡಿದ ಆ ಶಾಸ್ತ್ರವು ಹಣವು ಎಲ್ಲಿಗೆ ಹೋಗುತ್ತಿದೆಯೆಂಬುದನ್ನು ಗಮನಿಸಿತ್ತೆಂಬುದಂತೂ ಸ್ಪಷ್ಟ. ಇದರ ಮೇಲೆ ಮತ್ತೊಂದು ಕಟ್ಟೆಯಿದ್ದಿತು. ಒಮ್ಮೆಗೇ ವಸೂಲಾಗುವ ಬಡ್ಡಿಯು ಅಸಲನ್ನು ಮೀರಕೂಡದು, ಅಂದರೆ ಸಾಲವು ಎಷ್ಟೇ ಹಳೆಯದಾದರೂ ದುಪ್ಪಟ್ಟಿಗಿಂತ ಹೆಚ್ಚಾಗಿ ಬೆಳೆಯಕೂಡದು ಎಂಬ ನಿಯಮವು ಮನುವಿನಿಂದಲೂ ಬಂದದ್ದು. ದಾಮ್‌ದುಪ್ಪಟ್ಟು ಎಂಬ ಹೆಸರಿನಿಂದ ಇದನ್ನು ಮುಂಬಯಿ ಆಧಿಪತ್ಯದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಇಂಗ್ಲಿಷರ ಆಳ್ವಿಕೆಯಲ್ಲಿಯೂ ಮನ್ನಿಸುತ್ತಿದ್ದುವು.

ಗದಗಿಗೆ ಸಮೀಪದ ಲಕ್ಕುಂಡಿಯು ಆ ಕಾಲದಲ್ಲಿ ಲೊಕ್ಕಿಗುಂಡಿಯೆಂಬ ಮಹಾಪಟ್ಟಣವಾಗಿದ್ದು, ಅಲ್ಲಿಯ ಟಂಕಸಾಲೆಯ ಲೊಕ್ಕಿ ಗದ್ಯಾಣವು ಕರ್ಣಾಟಕದ ಶಾಸನಗಳಲ್ಲಿ ಹೆಸರಾದ ನಾಣ್ಯವಾಗಿದ್ದಿತು. ದೇವಾಲಯಕ್ಕೆ ಇಂತಿಷ್ಟು ಗದ್ಯಾಣಗಳನ್ನು ದತ್ತಿಬಿಟ್ಟು, ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ನಂದಾದೀಪವನ್ನೋ ನೈವೇದ್ಯವನ್ನೋ ನಡೆಸಬೇಕೆಂದು ಮಹಾಜನರಿಗೋ ವರ್ತಕರ ನಖರಕ್ಕೋ ಒಪ್ಪಿಸಿದ ಶಾಸನಗಳು ನಮ್ಮಲ್ಲಿ ಹೇರಳವಾಗಿವೆ. ಬಡ್ಡಿಯು ಯಾವ ಕಾರ್ಯಕ್ಕೆಂಬುದನ್ನು ಕಲ್ಲಿನ ಮೇಲೆ ಕೊರೆಯಿಸಿದ ಜನರಿಗೆ ಸಾಲವು ಯಾವ ಕಾರ್ಯಕ್ಕೆಂದು ಕೇಳುವುದು ಅಪರಿಚಿತವಾಗಿದ್ದಿರಲಾರದು.

ಸಾಹುಕಾರನು ಮಾತ್ರ ಕೇಳುತ್ತಿರಲಿಲ್ಲ. ಅವನ ಸೌಜನ್ಯವೆಲ್ಲ ಇದ್ದದ್ದು ಈ ಮೌನದಲ್ಲಿಯೇ. ಮಗಳ ಮದುವೆಗೆಂದರೂ ಕೊಡುವನು, ಎತ್ತು ಸತ್ತಿತೆಂದರೂ ಕೊಡುವನು, ಜಾತ್ರೆಗೆ ಹೊರಟೆನೆಂದರೂ ಕೊಡುವನು. ನಡುರಾತ್ರಿಯಲ್ಲಿ ಹೋಗಿ ಕದ ತಟ್ಟಿದರೂ ಒಲ್ಲೆನೆನ್ನನು. ಸರಕಾರದ ಕಚೇರಿಯಂತೆ ನಾಳೆ ಬಾರೆನ್ನದ, ನೆರೆಯವರಿಗೆ ಗುಟ್ಟು ಬಿಡದ, ಒಂದು ಹೆಬ್ಬೆಟ್ಟಿನ ಗುರುತಿಗೆ ಮುಚ್ಚಿದ ಮುಷ್ಟಿಯನ್ನು ಬಿಚ್ಚುವ ಈ ಸುಲಭೋಪಕಾರಿಯನ್ನು ಊರು ಬೈಯುತ್ತಲೂ ಇತ್ತು, ಬೇಡುತ್ತಲೂ ಇತ್ತು. ಅವನನ್ನು ಕೇವಲ ರಾಕ್ಷಸನನ್ನಾಗಿ ಚಿತ್ರಿಸುವುದು ನಮ್ಮ ಕಾದಂಬರಿಗಳಿಗೂ ಚಲನಚಿತ್ರಗಳಿಗೂ ಒಗ್ಗಿದ ಅಭ್ಯಾಸವಾದರೂ, ಬರಗಾಲದ ವರ್ಷದಲ್ಲಿ ಬೀಜದ ಕಾಳನ್ನು ಕೊಡಲು ಅವನ ಹೊರತು ಮತ್ತಾರೂ ಇರಲಿಲ್ಲವೆಂಬುದು ದಿಟ. ಲೇವಾದೇವಿಯವನಿಗೆ ಸಾಲಗಾರನ ಉದ್ದೇಶದಲ್ಲಿ ಆಸಕ್ತಿಯಿಲ್ಲದೆ ಹೋದುದಕ್ಕೆ ಕಾರಣವು ಔದಾರ್ಯವೂ ಅಲ್ಲ, ಕ್ರೌರ್ಯವೂ ಅಲ್ಲ; ಹಣವು ಬೆಳೆಯಿಂದ ಮರಳಿ ಬಾರದಿದ್ದರೆ ಹೊಲದಿಂದ ಬರುವುದೆಂಬ ನಂಬಿಕೆಯು ಅವನಿಗಿದ್ದಿತು.

ಈ ನಂಬಿಕೆಯನ್ನು ಅವನಿಗೆ ಕೊಟ್ಟದ್ದು ಹೊಸ ಕಾಯಿದೆಗಳು. 1855ರಲ್ಲಿ ಬಡ್ಡಿಯ ಮಿತಿಯನ್ನು ಗೊತ್ತುಪಡಿಸಿದ್ದ ಶಾಸನಗಳು ರದ್ದಾದುವು. 1859ರ ಕಾಲಮಿತಿಯ ಕಾಯಿದೆಯು, ಸಾಲಪತ್ರಗಳ ಮೇಲೆ ದಾವೆ ಹೂಡುವ ಅವಧಿಯನ್ನು ಮೂರು ವರ್ಷಗಳಿಗೆ ಇಳಿಸಿತು. ಹಳೆಯ ಸಾಲಗಳು ರೈತನ ಕೊರಳಿಗೆ ನೇತಾಡುತ್ತಲೇ ಇರಬಾರದೆಂಬ ಸದುದ್ದೇಶದಿಂದ ಹುಟ್ಟಿದ ಆ ಕಾಯಿದೆಯು ಫಲದಲ್ಲಿ ಅದರ ವಿಪರೀತವಾಯಿತು. ಏಕೆಂದರೆ, ಮೂರು ವರ್ಷ ತುಂಬುವ ಮೊದಲೇ ಸಾಹುಕಾರನು ರೈತನನ್ನು ಕರೆಯಿಸಿ, ಅಸಲು ಬಡ್ಡಿಗಳನ್ನು ಕೂಡಿಸಿ, ಕೂಡಿದ ಮೊತ್ತಕ್ಕೆ ಹೊಸ ಪತ್ರವನ್ನು ಬರೆಯಿಸಿಕೊಳ್ಳತೊಡಗಿದನು. ತಿಂಗಳಿಗೆ ನೂರಕ್ಕೆ ಎರಡರಂತೆ ನೂರು ರೂಪಾಯಿ ತಂದವನ ಲೆಕ್ಕವನ್ನು ನೋಡಿರಿ: ಮೂರು ವರ್ಷಕ್ಕೆ ಬಡ್ಡಿ ಎಪ್ಪತ್ತೆರಡು, ಹೊಸ ಪತ್ರ ನೂರ ಎಪ್ಪತ್ತೆರಡಕ್ಕೆ; ಆರನೆಯ ವರ್ಷದ ಪತ್ರ ಸುಮಾರು ಇನ್ನೂರ ತೊಂಬತ್ತಾರಕ್ಕೆ; ಒಂಬತ್ತನೆಯ ವರ್ಷದ್ದು ಐನೂರ ಒಂಬತ್ತಕ್ಕೆ. ಬಡ್ಡಿಯು ಅಸಲನ್ನು ಮೀರಕೂಡದೆಂಬ ಮನುವಿನ ಕಟ್ಟೆ ಎಲ್ಲಿ ಹೋಯಿತೆಂದರೆ, ಎಲ್ಲಿಯೂ ಹೋಗಿರಲಿಲ್ಲ. ಪ್ರತಿಯೊಂದು ಹೊಸ ಪತ್ರದಲ್ಲಿಯೂ ಹಿಂದಿನ ಬಡ್ಡಿಯು ಅಸಲಿನ ವೇಷವನ್ನು ತೊಟ್ಟು ಬರುತ್ತಿದ್ದುದರಿಂದ, ದಾಮ್‌ದುಪ್ಪಟ್ಟಿನ ನಿಯಮವು ಅಕ್ಷರಶಃ ಪಾಲಿತವಾಗುತ್ತಲೇ ಅರ್ಥಶಃ ಭಂಗವಾಗುತ್ತಿದ್ದಿತು. ಈ ಮೂರು ವರ್ಷದ ಪತ್ರವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಅದರ ಮೊಮ್ಮಗನು ಈ ಪ್ರಬಂಧದ ಕೊನೆಯಲ್ಲಿ, ಮೂರು ವರ್ಷಕ್ಕೆ ಬದಲಾಗಿ ತಿಂಗಳಿಗೊಮ್ಮೆ ನವೀಕರಣಗೊಳ್ಳುತ್ತ, ಮತ್ತೆ ಬರಲಿದ್ದಾನೆ.

ಇದೇ ಸಮಯಕ್ಕೆ ಸರಿಯಾಗಿ ಅಮೆರಿಕದಲ್ಲಿ ಅಂತರ್ಯುದ್ಧವು ಮೊದಲಾಯಿತು. 1861ರಿಂದ 1865ರವರೆಗೆ ಅಲ್ಲಿಯ ಹತ್ತಿಯು ಲ್ಯಾಂಕಶೈರಿಗೆ ತಲುಪದೆ ಹೋದುದರಿಂದ, ಧಾರವಾಡ ಜಿಲ್ಲೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ನಮ್ಮ ನಾಡಿನ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ಲಿವರ್‌ಪೂಲಿನ ವರ್ತಕರು ಅದನ್ನು ಕುಮಟಾ ಹತ್ತಿಯೆಂದೇ ಕರೆಯುತ್ತಿದ್ದರು. ಹತ್ತಿಯ ಗಿಡವನ್ನೇ ಕಾಣದ ಕಡಲ ತೀರದ ಊರಿಗೆ ಆ ಖ್ಯಾತಿಯು ದಕ್ಕಿದುದು ವಾಣಿಜ್ಯದ ವಿನೋದಗಳಲ್ಲೊಂದು. ಬೆಲೆ ಏರಿದಾಗ ಸಾಹುಕಾರರು ಕರೆಕರೆದು ಕೊಟ್ಟರು, ರೈತರು ಕೈನೀಡಿ ತೆಗೆದುಕೊಂಡರು. ಯುದ್ಧ ಮುಗಿದು ಬೆಲೆ ಬಿದ್ದಾಗ ಹತ್ತಿಯ ಹಣ ಉಳಿಯಲಿಲ್ಲ. ಆ ಹಣದ ಭರವಸೆಯ ಮೇಲೆ ಮಾಡಿದ ಸಾಲ ಉಳಿಯಿತು. ಉತ್ತರಕ್ಕೆ ಪುಣೆ ಜಿಲ್ಲೆಯ ಸುಪೆಯೆಂಬ ಊರಿನಲ್ಲಿ 1875ರ ಮೇ 12ರಂದು ಸಂತೆಗೆ ಕೂಡಿದ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಖ್ಖನಿನ ದಂಗೆಯೆಂದು ಹೆಸರಾದ ಆ ಗಲಭೆಯು ಪುಣೆ ಅಹಮದನಗರಗಳ ಊರೂರಿಗೆ ಹಬ್ಬಿದಾಗ, ಕಾಗದವು ಸಿಕ್ಕಲ್ಲಿ ಸಾಹುಕಾರನ ಮೈಗೆ ಕೈಹಾಕಿದ್ದು ವಿರಳವೆಂಬುದನ್ನು ಅಂದಿನ ಅಧಿಕಾರಿಗಳೇ ಗಮನಿಸಿದರು. ಜನರ ಕೋಪವು ಕಾಗದದ ಮೇಲಿದ್ದಿತು.

ಸರಕಾರವು ಎಚ್ಚೆತ್ತು 1879ರಲ್ಲಿ ದಖ್ಖನ್ ರೈತರ ಪರಿಹಾರದ ಕಾಯಿದೆಯನ್ನು ತಂದಿತು. ನ್ಯಾಯಾಧೀಶರು ಪತ್ರದಲ್ಲಿ ಬರೆದುದನ್ನು ಮಾತ್ರವೇ ನಂಬದೆ ಸಾಲದ ಪೂರ್ವೇತಿಹಾಸವನ್ನೆಲ್ಲ ಕೆದಕಿ ನೋಡಬಹುದೆಂದೂ, ಕಂತುಗಳಲ್ಲಿ ತೀರಿಸಲು ಅಪ್ಪಣೆ ಕೊಡಬಹುದೆಂದೂ, ಸಾಲಕ್ಕಾಗಿ ರೈತನನ್ನು ಸೆರೆಮನೆಗೆ ಹಾಕಕೂಡದೆಂದೂ ಅದು ವಿಧಿಸಿತು. ಆ ತರುವಾಯ 1883ರಲ್ಲಿ ಭೂಮಿಯ ಸುಧಾರಣೆಗೂ, 1884ರಲ್ಲಿ ಎತ್ತು ಬೀಜಗಳ ಖರೀದಿಗೂ ಸರಕಾರವೇ ತಗಾವಿಯೆಂಬ ಸಾಲವನ್ನು ಕಡಿಮೆ ಬಡ್ಡಿಗೆ ಕೊಡುವ ಕಾಯಿದೆಗಳು ಬಂದುವು. ತಗಾವಿಯಲ್ಲಿ ಏತಕ್ಕೆಂಬ ಪ್ರಶ್ನೆಯನ್ನು ಕೇಳಿದರೇನೋ ಸರಿಯೇ; ಕೇಳಿದವನು ಊರಿನವನಾಗಿರಲಿಲ್ಲ. ಬಾವಿ ತೋಡಲೆಂದು ಅರ್ಜಿ ಕೊಟ್ಟವನು ತಲಾಟಿಯಿಂದ ಮಾಮಲೇದಾರನವರೆಗೆ ಅಲೆದು ಮಂಜೂರಾತಿ ಪಡೆಯುವಷ್ಟರಲ್ಲಿ ಬೇಸಗೆ ಕಳೆದು ಬಾವಿ ತೋಡುವ ಕಾಲವೇ ಮುಗಿದಿರುತ್ತಿದ್ದಿತು. ಕೊಟ್ಟ ಹಣವು ಬಾವಿಗೆ ಹೋಯಿತೋ ಸಾಹುಕಾರನ ಬಡ್ಡಿಗೆ ಹೋಯಿತೋ ಎಂಬುದನ್ನು ಕಚೇರಿಯು ಕಡತದಲ್ಲಿ ನೋಡಬಹುದಾಗಿದ್ದಿತೇ ಹೊರತು ನೆಲದ ಮೇಲೆ ನೋಡಲಾಗುತ್ತಿರಲಿಲ್ಲ. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ರೈತರ ಕೃಷಿ ಬ್ಯಾಂಕುಗಳನ್ನು ಸ್ಥಾಪಿಸುವ ಪ್ರಯೋಗವು ನಡೆದು, ಅದೂ ಬೇರೂರದೆ ಬಾಡಿತು.

ಮದರಾಸಿನ ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ಗ್ರಾಮೀಣ ಬ್ಯಾಂಕುಗಳ ಅಧ್ಯಯನಕ್ಕೆ ನಿಯಮಿಸಿದುದು ಈ ದಶಕದಲ್ಲಿಯೇ. 1895ರಲ್ಲಿಯೂ 1897ರಲ್ಲಿಯೂ ಪ್ರಕಟವಾದ ಅವನ ವರದಿಯ ಎರಡು ಬೃಹತ್ಸಂಪುಟಗಳ ಸಾರವು, ಜರ್ಮನಿಯ ರೈಫೈಸನ್ನನಂಥ ಒಬ್ಬನನ್ನು ಈ ದೇಶವು ಹುಡುಕಿಕೊಳ್ಳಬೇಕೆಂಬುದು. ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಎಂಬವನು ರೈನ್ ನದಿಯ ಪ್ರಾಂತದಲ್ಲಿ ಊರಿನ ಮುಖ್ಯಾಧಿಕಾರಿಯಾಗಿದ್ದವನು. ಹಸಿದವರಿಗೆ ದಾನ ಮಾಡಿ ಮಾಡಿ, ದಾನವು ಊರನ್ನು ನಿಲ್ಲಿಸಲಾರದೆಂಬುದನ್ನು ಕಂಡುಕೊಂಡು, 1864ರಲ್ಲಿ ಹೆಡ್ಡಸ್‌ಡೋರ್ಫಿನಲ್ಲಿ ಸಾಲದ ಸಂಘವನ್ನು ಕಟ್ಟಿದನು. ಸಂಘದ ಎಲ್ಲೆಯು ಒಂದು ಊರನ್ನು ಮೀರಕೂಡದು, ಸಾಲವು ಸದಸ್ಯರಿಗೆ ಮಾತ್ರ, ಒಬ್ಬನ ಸಾಲಕ್ಕೆ ಎಲ್ಲರ ಆಸ್ತಿಯೂ ಹೊಣೆ, ಆಡಳಿತಕ್ಕೆ ಸಂಬಳವಿಲ್ಲ, ಲಾಭವು ಹಂಚಿಕೆಯಾಗದೆ ಕಾದಿಟ್ಟ ನಿಧಿಗೆ ಸೇರತಕ್ಕದ್ದು ಎಂಬ ಅವನ ನಿಯಮಗಳೇ ಬಹುಮಟ್ಟಿಗೆ 1904ರ ಮಾರ್ಚಿನಲ್ಲಿ ಅಂಗೀಕೃತವಾದ ಭಾರತದ ಸಹಕಾರ ಪತ್ತಿನ ಸಂಘಗಳ ಕಾಯಿದೆಯೊಳಗೆ ಬಂದು ಕುಳಿತುವು. ಹತ್ತು ಮಂದಿ ಕೂಡಿದರೆ ಸಂಘ, ಗ್ರಾಮಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲಿಗರೇ ಆಗಿರತಕ್ಕದ್ದು, ಹೊಣೆ ಅಪರಿಮಿತವಾದುದು. ಕಣಗಿನಹಾಳದ ಸಂಘವು ಹುಟ್ಟಿದ್ದು ಈ ಕಾಯಿದೆಯ ಮಡಿಲಲ್ಲಿ, ಮರುವರ್ಷದ ಬೇಸಗೆಯಲ್ಲಿ. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಆದ ಸಹಕಾರ ರೆಗ್ಯುಲೇಷನ್ನನ್ನು ಜಾರಿಗೆ ತಂದಿತು.

ಅಪರಿಮಿತ ಹೊಣೆಯೆಂದರೆ ಏನೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಇಡೀ ವ್ಯವಸ್ಥೆಯ ಪ್ರಾಣವಿದ್ದದ್ದು ಅದರಲ್ಲಿ. ಸಂಘವು ಹೊರಗಿನಿಂದ ತಂದ ಹಣವನ್ನು ತೀರಿಸಲಾರದೆ ಮುಳುಗಿದರೆ, ಸಾಲವನ್ನೇ ಮಾಡದ ಸದಸ್ಯನ ಹೊಲವೂ ಎತ್ತೂ ಹರಾಜಿಗೆ ಬರಬಹುದಾಗಿದ್ದಿತು. ಆದಕಾರಣ ಚಾವಡಿಯಲ್ಲಿ ಕೂಡಿದ ಪಂಚರ ಮುಂದೆ ಒಬ್ಬನು ಬಂದು ಸಾಲ ಬೇಕೆಂದಾಗ, ಏತಕ್ಕೆಂದು ಕೇಳುವುದು ಅಧಿಕಪ್ರಸಂಗವಾಗಿರದೆ ಪ್ರತಿಯೊಬ್ಬನ ಆತ್ಮರಕ್ಷಣೆಯಾಗಿದ್ದಿತು. ಎತ್ತು ಕೊಳ್ಳಬೇಕೆಂದು ಅರ್ಜಿದಾರನು ಹೇಳಿದನೆನ್ನೋಣ. ಇದ್ದ ಎತ್ತಿಗೆ ಏನಾಯಿತು, ಹೊಲ ಎಷ್ಟು ಕೂರಿಗೆ, ಅದಕ್ಕೆ ಒಂದು ಜೋಡಿ ಸಾಲದೆ, ಯಾವ ಸಂತೆಯಲ್ಲಿ ನೋಡಿದ್ದಾನೆ, ಹಲ್ಲು ಎಷ್ಟು, ಬೆಲೆ ಏನು, ಕೈಯಿಂದ ಎಷ್ಟು ಹಾಕುತ್ತಾನೆ, ಸುಗ್ಗಿಯಲ್ಲಿ ಎಷ್ಟು ಕೊಡಬಲ್ಲನು ಎಂಬೆಲ್ಲ ಪ್ರಶ್ನೆಗಳನ್ನು ಕೇಳುತ್ತಿದ್ದವರು ಎತ್ತನ್ನೂ ಅವನನ್ನೂ ಅವನ ಹೊಲವನ್ನೂ ಕಂಡವರೇ ಆಗಿರುತ್ತಿದ್ದರು. ಇಬ್ಬರು ಸದಸ್ಯರು ಜಾಮೀನು ನಿಲ್ಲಬೇಕು. ನಿಂತವರು ಎತ್ತು ಮನೆಗೆ ಬಂದಿತೇ ಇಲ್ಲವೇ ಎಂಬುದನ್ನು ಹಾದಿಯಲ್ಲಿ ಹೋಗುವಾಗ ಇಣುಕಿ ನೋಡದೆ ಇರುತ್ತಿರಲಿಲ್ಲ. ಎತ್ತಿನ ಹಣವನ್ನು ಎತ್ತಿನ ಹೊರತು ಬೇರೆಯದಕ್ಕೆ ಬಳಸಿದನೆಂದು ತಿಳಿದುಬಂದರೆ, ಅವಧಿಗೆ ಮುನ್ನವೇ ಸಾಲವನ್ನು ಹಿಂದಕ್ಕೆ ಕೇಳುವ ಅಧಿಕಾರವು ಪಂಚರಿಗಿದ್ದಿತು.

ಆ ವಿಚಾರಣೆಯಲ್ಲಿ ಮುಜುಗರವಿತ್ತು. ತನ್ನ ಮನೆಯ ಹುಳುಕನ್ನು ಹತ್ತು ಜನರ ಮುಂದೆ ಬಿಚ್ಚಿಡುವುದಕ್ಕಿಂತ ಸಾಹುಕಾರನ ಬಳಿ ಹೆಚ್ಚಿನ ಬಡ್ಡಿಯನ್ನು ತೆತ್ತು ಮಾನವನ್ನುಳಿಸಿಕೊಳ್ಳುವುದೇ ಲೇಸೆಂದು ಎಣಿಸಿದವರು ಅನೇಕರು. ಅವರನ್ನು ಅವಿವೇಕಿಗಳೆಂದು ತಳ್ಳಿಹಾಕುವುದು ಮನುಷ್ಯಸ್ವಭಾವವನ್ನರಿಯದ ಮಾತು. ಪಂಚರೆಂದರೆ ಊರಿನ ಗೌಡ, ಕುಲಕರ್ಣಿ, ದೊಡ್ಡ ಹಿಡುವಳಿಯವರು. ಹೊಲವಿಲ್ಲದ ಕೂಲಿಯವನನ್ನೂ ಕೇರಿಯವನನ್ನೂ ಅವರು ಏತಕ್ಕೆಂದು ಕೇಳುವ ಧ್ವನಿಯೇ ಬೇರೆ, ತಮ್ಮ ಬೀಗನನ್ನು ಕೇಳುವ ಧ್ವನಿಯೇ ಬೇರೆ ಆಗಿದ್ದೀತೆಂಬುದನ್ನು ಊಹಿಸಲು ದಾಖಲೆಗಳು ಬೇಕಿಲ್ಲ.

ಆದರೂ ಅವಧಿಯ ವಿಚಾರದಲ್ಲಿ ಈ ಸಂಘಗಳು ಕಂಡುಕೊಂಡ ಒಂದು ತತ್ತ್ವವು, ನನ್ನ ಅಭಿಪ್ರಾಯದಲ್ಲಿ, ಅವು ನಮಗೆ ಬಿಟ್ಟುಹೋದ ಅತ್ಯಂತ ಬೆಲೆಯುಳ್ಳ ಆಸ್ತಿ. ಬೀಜಗೊಬ್ಬರಗಳ ಸಾಲವು ಆ ಬೆಳೆಯಿಂದಲೇ ತೀರತಕ್ಕದ್ದು. ಎತ್ತು ಬಂಡಿಗಳ ಸಾಲವು ಎತ್ತು ದುಡಿಯುತ್ತಿರುವಾಗಲೇ, ಕೆಲವು ಸುಗ್ಗಿಗಳೊಳಗೆ, ತೀರತಕ್ಕದ್ದು. ಬಾವಿಯೂ ಭೂಮಿಯೂ ತಲೆಮಾರಿನವರೆಗೆ ನಿಲ್ಲುವುದರಿಂದ ಅವುಗಳ ಸಾಲವು ದೀರ್ಘಕಾಲದ್ದಾಗಿರಬಹುದು. ಕೊಂಡ ವಸ್ತುವಿನ ಆಯುಸ್ಸಿಗಿಂತ ಸಾಲದ ಆಯುಸ್ಸು ದೊಡ್ಡದಾಗಿರಬಾರದೆಂಬ ಈ ವಿಚಾರದಿಂದಲೇ ಅಲ್ಪಾವಧಿ, ಮಧ್ಯಮಾವಧಿ, ದೀರ್ಘಾವಧಿಗಳೆಂಬ ವಿಭಾಗಗಳು ಹುಟ್ಟಿದುವು. ದೀರ್ಘಾವಧಿಯ ಸಾಲಗಳಿಗೆಂದೇ ಮೈಸೂರಿನಲ್ಲಿ 1929ರಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಮದುವೆಯಂಥ ಸಾಂಸಾರಿಕ ವ್ಯಯಗಳಿಗೆ ಸಾಲ ಕೊಡಬಾರದೆಂದು ಕಟ್ಟುನಿಟ್ಟಿನ ಸಹಕಾರವಾದಿಗಳು ವಾದಿಸಿದರೂ, ಹಾಗೆ ಮಾಡಿದರೆ ಸದಸ್ಯನು ಒಂದು ಕಾಲನ್ನು ಸಂಘದಲ್ಲಿಯೂ ಮತ್ತೊಂದನ್ನು ಸಾಹುಕಾರನಲ್ಲಿಯೂ ಇಡುವನೆಂದು ಅನುಭವಿಗಳು ಹೇಳಿ, ಮಿತವಾದ ಮೊತ್ತಕ್ಕೆ ಎಡೆಗೊಟ್ಟರು.

ಪಟ್ಟಣಗಳಲ್ಲಿ ಈ ವಿಚಾರವು ಬೇರೆ ರೂಪಗಳನ್ನು ತಳೆಯಿತು. ಬೆಂಗಳೂರಿನಲ್ಲಿ ಪ್ಲೇಗಿನ ಹಾವಳಿಯಾದ 1898ರ ಆಸುಪಾಸಿನಲ್ಲಿ ಬಸವನಗುಡಿ ಮಲ್ಲೇಶ್ವರಗಳ ಬಡಾವಣೆಗಳು ಏಳತೊಡಗಿದಾಗ, ತಿಂಗಳ ಸಂಬಳದ ಗುಮಾಸ್ತನು ಇಡೀ ಮನೆಯ ಹಣವನ್ನು ಒಮ್ಮೆಗೇ ತರುವುದೆಲ್ಲಿಂದ? 1909ರಲ್ಲಿ ಸ್ಥಾಪಿತವಾದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯು ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಗಣನೆಗೆ ಬಂದಿದೆ. ಕರಾವಳಿಯಲ್ಲಾದರೋ ಸಾಲಕ್ಕಿಂತ ಉಳಿತಾಯದ ಕಡೆಯಿಂದ ಇದೇ ಗಂಟನ್ನು ಬಿಚ್ಚಿದರು: ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಲು ಏಜೆಂಟನನ್ನು ಅಂಗಡಿಯ ಮೆಟ್ಟಿಲಿಗೇ ಕಳುಹಿಸಿತು. ಹೆಂಗಸರ ಚೀಟಿಗಳಂತೂ ಇವೆಲ್ಲಕ್ಕಿಂತ ಹಳೆಯವು. ಬಳೆಗೋ ಹಂಡೆಗೋ ಕಪಾಟಿಗೋ ಎಂದು ಮೊದಲೇ ಗೊತ್ತುಮಾಡಿಕೊಂಡು ಸೇರಿದವರು, ತಮ್ಮ ಸರದಿಯ ಹಣವನ್ನು ಬೇರೆಯದಕ್ಕೆ ಮುರಿಯುವುದು ಅಪರೂಪ.

ಇಷ್ಟೆಲ್ಲ ಆಗಿಯೂ, ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯ ಸಮಿತಿಯು ನಿರ್ದೇಶಿಸಿದ 1951–52ರ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ವರದಿಯು 1954ರಲ್ಲಿ ಹೊರಬಿದ್ದಾಗ, ಒಕ್ಕಲಿಗರು ಮಾಡಿದ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವೆಂದೂ, ಲೇವಾದೇವಿಯವರ ಪಾಲು ಹೆಚ್ಚುಕಡಿಮೆ ಎಪ್ಪತ್ತೆಂದೂ ತಿಳಿದುಬಂದಿತು. ಅರ್ಧಶತಮಾನದ ದುಡಿಮೆಗೆ ಇಷ್ಟೇ ಫಲವೇ ಎಂದು ಅಂದಿನ ಸಹಕಾರಿಗಳು ತಲೆಯ ಮೇಲೆ ಕೈಹೊತ್ತುಕೊಂಡುದು ಸಹಜವೇ. ಕೇಳುವವನಿಗಿಂತ ಕೇಳದವನು ಎಂದಿಗೂ ಜನಪ್ರಿಯನೆಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ಸಾಕ್ಷ್ಯವು ನನಗೆ ತಿಳಿದಿಲ್ಲ.

ಕೇಳದವನ ಹೊಸ ಅವತಾರವಾದದ್ದು ಅಮೆರಿಕದಲ್ಲಿ. 1950ರಲ್ಲಿ ನ್ಯೂಯಾರ್ಕಿನ ಫ್ರ್ಯಾಂಕ್ ಮ್ಯಾಕ್‌ನಮಾರಾ ಎಂಬವನು ಹೋಟೆಲಿನ ಊಟದ ಬಿಲ್ಲಿಗಾಗಿ ಡೈನರ್ಸ್ ಕ್ಲಬ್ಬಿನ ಕಾರ್ಡನ್ನು ಹೊರತಂದನಷ್ಟೆ. ಆ ಕಾರ್ಡಿನ ಬಾಕಿಯನ್ನು ತಿಂಗಳ ಕೊನೆಗೆ ಪೂರ್ತಿಯಾಗಿ ತೀರಿಸಬೇಕಾಗಿದ್ದಿತು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರದಲ್ಲಿ, ಅರ್ಜಿಯನ್ನೇ ಹಾಕದ ಸುಮಾರು 60,000 ಮಂದಿಗೆ ಅಂಚೆಯ ಮೂಲಕ ಕಾರ್ಡುಗಳನ್ನು ಕಳುಹಿಸಿತು. ಅದರಲ್ಲಿ ಬಾಕಿಯನ್ನು ಮುಂದಿನ ತಿಂಗಳಿಗೆ ಉರುಳಿಸಿಕೊಂಡು ಹೋಗಬಹುದಾಗಿದ್ದಿತು. ಸಾಲಗಾರನು ಬೇಡುವುದಕ್ಕೆ ಮೊದಲೇ ಸಾಲವು ಅವನ ಬಾಗಿಲಿಗೆ ಹೋಯಿತು. ನಮ್ಮ ಸೀಮೆಯ ಸಾಹುಕಾರನು, ಹತ್ತಿಯ ಬೆಲೆ ಏರಿದ ಆ ಕೆಲವು ವರ್ಷಗಳನ್ನು ಬಿಟ್ಟರೆ, ಎಷ್ಟೇ ಉದಾರಿಯಾದರೂ ಕದ ತಟ್ಟುವವರೆಗೆ ಕಾಯುತ್ತಿದ್ದನು. ಹಾಗೆ ಕೇಳದೆ ಕಳುಹಿಸುವುದನ್ನು ಅಮೆರಿಕದ ಸರಕಾರವು 1970ರಲ್ಲಿ ನಿಷೇಧಿಸಿತು. ಭಾರತದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕು ಮೊದಲ ಬ್ಯಾಂಕ್ ಕಾರ್ಡನ್ನು ಹೊರತಂದಿತು.

ಕಾರ್ಡೆಂಬುದು ಸ್ವತಃ ಕೆಟ್ಟದ್ದೆಂದು ಹೇಳುವ ಪಂಥದವನು ನಾನಲ್ಲ. ಗೊತ್ತಾದ ತಾರೀಖಿನೊಳಗೆ ಬಾಕಿಯನ್ನು ಪೂರ್ತಿಯಾಗಿ ತೀರಿಸುವವನಿಗೆ ಅದು ಒಂದೂವರೆ ತಿಂಗಳವರೆಗಿನ ಬಡ್ಡಿಯಿಲ್ಲದ ಕೈಗಡ. ಅಂಥವನ ಪಾಲಿಗೆ ಅದು ಹಣದ ಚೀಲಕ್ಕಿಂತ ಹಗುರವೂ ಹೌದು. ಆದರೆ ಪಂಚರ ಮುಂದೆ ಹೋಗಿ ಎತ್ತಿಗಾಗಿ ಕೇಳಬೇಕಾದಂಥ ದೊಡ್ಡ ಖರೀದಿಯನ್ನು ಅದರ ಮೇಲೆ ಮಾಡಿ, ಬಾಕಿಯನ್ನು ಉರುಳಿಸಹೊರಟಾಗ ನಡೆಯುವ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಒಂದು ಲಕ್ಷ ರೂಪಾಯಿಯ ವಸ್ತುವೆನ್ನೋಣ. ಬ್ಯಾಂಕಿನಿಂದಲೋ ಸಂಘದಿಂದಲೋ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಗೆ ಮೂರು ವರ್ಷದ ಸಾಲವಾಗಿ ತಂದರೆ, ತಿಂಗಳ ಸಮಾನ ಕಂತು ಸುಮಾರು 3,321 ರೂಪಾಯಿ. ಮೂವತ್ತಾರು ಕಂತುಗಳಲ್ಲಿ ಸಾಲವು ತೀರುತ್ತದೆ. ತೆತ್ತ ಒಟ್ಟು ಬಡ್ಡಿಯು ಇಪ್ಪತ್ತು ಸಾವಿರವನ್ನು ಮುಟ್ಟುವುದಿಲ್ಲ. ಕಾರ್ಡಿನ ಬಾಕಿಯ ಮೇಲೆ ನಮ್ಮ ದೇಶದಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆಯಷ್ಟು ಬಡ್ಡಿಯನ್ನು ಹಾಕುವುದು ಸಾಮಾನ್ಯ. ಅದೇ ಒಂದು ಲಕ್ಷಕ್ಕೆ ಮೊದಲನೆಯ ತಿಂಗಳ ಬಡ್ಡಿಯೇ 3,500 ರೂಪಾಯಿ, ಅದರ ಮೇಲೆ ತೆರಿಗೆ ಬೇರೆ. ಬ್ಯಾಂಕಿನ ಸಾಲವನ್ನು ಮೂರು ವರ್ಷದಲ್ಲಿ ನಿರ್ಮೂಲ ಮಾಡುವ 3,321 ರೂಪಾಯಿಯನ್ನು ಇಲ್ಲಿ ತಪ್ಪದೆ ಕಟ್ಟುತ್ತ ಹೋದವನ ಅಸಲು ಒಂದು ಕಾಸೂ ಇಳಿಯದೆ, ತಿಂಗಳು ತಿಂಗಳೂ ಏರುತ್ತಲೇ ಹೋಗುವುದು. ತಿಂಗಳಿಗೆ ಮೂರೂವರೆಯೆಂಬುದು ವರ್ಷಕ್ಕೆ ನಲವತ್ತೆರಡು; ಚಕ್ರಬಡ್ಡಿಯಾಗಿ ಸುತ್ತಿದರೆ ಐವತ್ತೊಂದು. ಯಾಜ್ಞವಲ್ಕ್ಯನು ಅಡಮಾನವಿಲ್ಲದ ಸಾಲಕ್ಕೆ ಗೊತ್ತುಮಾಡಿದ ಎರಡರಿಂದ ಐದರ ನಡುವೆ ಈ ದರವು ಕುಳಿತಿರುವುದನ್ನು ಕಂಡು ಸೋಜಿಗಪಡಬಹುದು. ಆದರೆ ಯಾಜ್ಞವಲ್ಕ್ಯನ ಸಾಲಗಾರನಿಗೆ ದುಪ್ಪಟ್ಟಿನ ಕಟ್ಟೆಯಿದ್ದಿತು. ತಿಂಗಳು ತಿಂಗಳೂ ಬಡ್ಡಿಯು ಅಸಲಿಗೆ ಸೇರಿ ಹೊಸ ಬಿಲ್ಲಾಗಿ ಬರುವಲ್ಲಿ, ಆ ಹಳೆಯ ಮೂರು ವರ್ಷದ ಪತ್ರವೇ ಮೂವತ್ತು ದಿನದ್ದಾಗಿ ಮರುಹುಟ್ಟು ಪಡೆದಿದೆ.

ಕಟ್ಟೆಯನ್ನು ಮತ್ತೆ ಕಟ್ಟುವ ಪ್ರಯತ್ನವೊಂದು ನಡೆಯದೆ ಇರಲಿಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಕಾರ್ಡಿನ ಬಾಕಿಯ ಮೇಲೆ ವರ್ಷಕ್ಕೆ ನೂರಕ್ಕೆ ಮೂವತ್ತನ್ನು ಮೀರಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರಪದ್ಧತಿಯೆಂದು ತೀರ್ಪುಕೊಟ್ಟಿತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತಿದ್ದರೆ ಮರುಪಾವತಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುವುದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ, ಮುದ್ರಿಸಿಯೂ ಇದ್ದಾರೆ.

ಇತ್ತೀಚೆಗೆ ಕಾರ್ಡಿನವರೂ ಒಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ದೊಡ್ಡ ಮೊತ್ತದ ಖರೀದಿಯನ್ನು ಮಾಡಿ ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲಿಗೆ ಸಂದೇಶವು ಬರುತ್ತದೆ: ಈ ಖರೀದಿಯನ್ನು ಇಎಂಐಗೆ ಪರಿವರ್ತಿಸಬಯಸುವಿರಾ, ಎಷ್ಟು ತಿಂಗಳಿಗೆ? ಏತಕ್ಕೆಂಬುದನ್ನು ಮಾತ್ರ ಅದೂ ಕೇಳುವುದಿಲ್ಲ. ಕೇಳುವ ಹೊತ್ತಿಗೆ ವಸ್ತುವು ಮನೆಯ ಹಾದಿಯನ್ನು ಹಿಡಿದಿರುತ್ತದೆ. ಆದರೂ ಉರುಳುಬಾಕಿಗಿಂತ ಅದರ ಬಡ್ಡಿಯು ಎಷ್ಟೋ ಕಡಿಮೆಯಾದುದರಿಂದಲೂ, ಕೊನೆಯ ಕಂತಿನ ತಾರೀಖು ಮೊದಲೇ ಗೊತ್ತಿರುವುದರಿಂದಲೂ, ಪೂರ್ತಿ ಕಟ್ಟಲಾರದವನು ಹೌದೆನ್ನುವುದೇ ಮೇಲು. ಹೌದೆನ್ನುವ ಮೊದಲು ಪ್ರೊಸೆಸಿಂಗ್ ಶುಲ್ಕವೆಷ್ಟು, ಅವಧಿಗೆ ಮುನ್ನ ತೀರಿಸಿದರೆ ದಂಡವುಂಟೇ, ಅದೇ ವಸ್ತುವಿಗೆ ತನ್ನ ಸಂಬಳದ ಬ್ಯಾಂಕೋ ನೌಕರರ ಪತ್ತಿನ ಸಂಘವೋ ಏನು ದರವನ್ನು ಹೇಳುತ್ತದೆ ಎಂದು ವಿಚಾರಿಸುವುದಕ್ಕೆ ಒಂದು ದಿನ ಸಾಕು. ಸಂದೇಶದಲ್ಲಿ ಕೊಟ್ಟ ಅವಕಾಶವು ಸಾಮಾನ್ಯವಾಗಿ ಬಿಲ್ಲು ಸಿದ್ಧವಾಗುವವರೆಗೆ ಇರುತ್ತದೆ.